ಗೋಡೆ ನಡುವಿನ ಅಂಗೈಯಗಲ

ನಮ್ಮ ದೊಡ್ಡಮ್ಮ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುವವಳಲ್ಲ, ಗೋಡೆ ನೋಡುವವಳು. ಸ್ವಿಚ್ಚಿನ ಸುತ್ತ ಬೆರಳಿನ ಜಿಡ್ಡು ಎಷ್ಟು ಕೂತಿದೆ, ಕುರ್ಚಿಯ ಹಿಂದೆ ಯಾರ ತಲೆಯ ಎಣ್ಣೆ ಗುಂಡಗೆ ಅಂಟಿದೆ, ಎಲ್ಲವನ್ನೂ ಒಂದೇ ನೋಟದಲ್ಲಿ ಅಳೆದುಬಿಡುತ್ತಾಳೆ. ಕುಡಿಯಲು ಕೊಟ್ಟ ನೀರಿನಲ್ಲಿ ಬೆರಳದ್ದಿ, ಮಾತಾಡುತ್ತಲೇ ಪಕ್ಕದ ಗೋಡೆಗೆ ಒಂದು ಗೆರೆ ಎಳೆದು, ಬೆರಳಿಗೆ ಪುಡಿ ಹತ್ತಿತೋ ಇಲ್ಲವೋ ನೋಡಿಕೊಳ್ಳುತ್ತಾಳೆ. ಜೊತೆಗೆ ಹೋದ ನಮಗೆ ನಾಚಿಕೆಯಿಂದ ತಲೆ ಎತ್ತಲಾಗುವುದಿಲ್ಲ. ಅವಳಿಗೆ ಅದರ ಪರಿವೆಯೇ ಇಲ್ಲ.

ಮೂವತ್ತು ವರ್ಷದಿಂದ ಅವಳು ಗೋಡೆ ತೊಳೆಯುವವಳು. ಊರಾಚೆಯ ಕಾರ್ಖಾನೆಗೆ ಸೇರಿದ ವಸತಿ ಕಟ್ಟಡಗಳಿವೆ. ಒಂದು ಕುಟುಂಬ ಮನೆ ಖಾಲಿ ಮಾಡಿ ಇನ್ನೊಂದು ಬರುವ ನಡುವೆ ಸಿಗುವ ನಾಲ್ಕೈದು ದಿನಗಳಲ್ಲಿ ಒಳಗೋಡೆಗಳನ್ನೆಲ್ಲ ತೊಳೆದು ಹೊಸದು ಮಾಡಿಡಬೇಕು. ಬಣ್ಣ ಹೊಡೆಸುವುದು ಹತ್ತು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಆ ಮನೆಗಳ ಮಾನವೆಲ್ಲ ತೊಳೆಯುವವರ ಕೈಯಲ್ಲಿ. ಹನ್ನೆರಡು ಹೆಂಗಸರು, ಆರು ಜೋಡಿ. ಜೋಡಿಯಲ್ಲಿ ಒಬ್ಬಳದು ಮದ್ದಿನ ಬಕೆಟ್ಟು, ಇನ್ನೊಬ್ಬಳದು ಬರಿ ನೀರಿನದು. ಸೋಪಿರಲಿ, ಸೋಡಾ ಇರಲಿ, ಗೋಡೆಗೆ ಹಚ್ಚುವುದನ್ನೆಲ್ಲ ಅವರು ಮದ್ದು ಎಂದೇ ಕರೆಯುತ್ತಾರೆ. ಮೊದಲನೆಯವಳು ಮದ್ದು ಹಚ್ಚಿ ಉಜ್ಜುತ್ತ ಹೋದಂತೆ ಎರಡನೆಯವಳು ಹಿಂದೆಯೇ ಒರೆಸುತ್ತ ಬರಬೇಕು. ದೊಡ್ಡಮ್ಮನ ಹಿಂದೆ ಒರೆಸುತ್ತ ಬರುತ್ತಿದ್ದವಳು ಅವಳ ಓರಗಿತ್ತಿ, ಅಂದರೆ ನನ್ನ ಅಮ್ಮ.

ಈ ಕಥೆಯನ್ನು ಅವರಿಬ್ಬರೂ ಎರಡು ರೀತಿ ಹೇಳುತ್ತಾರೆ. ಇಬ್ಬರ ಮಾತನ್ನೂ ಚೆನ್ನಾಗಿ ಹಿಂಡಿ, ನೀರು ಇಳಿದ ಮೇಲೆ ಉಳಿದದ್ದನ್ನು ನಾನು ಹೇಳುತ್ತಿದ್ದೇನೆ. ತಪ್ಪಿದ್ದರೆ ಅವರನ್ನೇ ಕೇಳಿ, ನಿಮಗೆ ಧೈರ್ಯವಿದ್ದರೆ.

ಮನೆಯಲ್ಲಿ ಅವರಿಬ್ಬರೂ ಹಾವು ಮುಂಗುಸಿ. ಅಮ್ಮ ಮದುವೆಯಾಗಿ ಬಂದ ಮೊದಲ ವಾರದಲ್ಲೇ ಒಲೆಯ ಹಿಂದಿನ ಗೋಡೆ ಮುಟ್ಟಿ, "ಅಕ್ಕಾ, ಇದು ಅಂಟಂಟು" ಅಂದಳಂತೆ. ಕಂಡವರ ಗೋಡೆಗಳನ್ನೆಲ್ಲ ಹೊಳೆಯಿಸುವವಳ ಸ್ವಂತ ಅಡುಗೆಮನೆಗೆ ಬಂದ ಮಾತು ಅದು. ದೊಡ್ಡಮ್ಮ ಅದನ್ನು ಇಪ್ಪತ್ತೆರಡು ವರ್ಷ ಎದೆಯಲ್ಲಿಟ್ಟುಕೊಂಡಳು. ಅಂದಿನಿಂದ ನೇರ ಮಾತಿಲ್ಲ. ಉಪ್ಪು ಜಾಸ್ತಿ ಹಾಕಿದವರು ಅವರೇ ತಿನ್ನಲಿ ಎಂದು ಒಬ್ಬಳು ಸೂರು ನೋಡಿ ಹೇಳಿದರೆ, ತಿನ್ನಲು ಬಾಯಿ ಇರುವವರು ಮಾಡಲು ಕೈಯನ್ನೂ ಇಟ್ಟುಕೊಳ್ಳಲಿ ಎಂದು ಇನ್ನೊಬ್ಬಳು ಕಿಟಕಿಗೆ ಹೇಳುತ್ತಿದ್ದಳು. ಕೆಲಸದಲ್ಲೂ ಅದೇ. ಅಲ್ಲಿ ಇಬ್ಬರೂ ಗೋಡೆಯ ಕಡೆಗೇ ತಿರುಗಿ ಮಾತಾಡುತ್ತಿದ್ದುದರಿಂದ ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಆದರೂ ಜೋಡಿ ಬದಲಿಸಿ ಎಂದು ಒಬ್ಬಳೂ ಕೇಳಲಿಲ್ಲ. ಅಮ್ಮ ಒರೆಸಿದ ಗೋಡೆಯಲ್ಲಿ ಒಂದೇ ಒಂದು ಗೆರೆ ಉಳಿಯುವುದಿಲ್ಲವೆಂದು ದೊಡ್ಡಮ್ಮನಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ಆಗ ಇರಲಿಲ್ಲ.

ದೊಡ್ಡಮ್ಮನ ಚೀಲದಲ್ಲಿ ಸೀಸೆ, ಡಬ್ಬಿ, ಪೊಟ್ಟಣ ಸೇರಿ ಏಳೆಂಟು ಬಗೆ ಇರುತ್ತಿದ್ದವು. ಎಲ್ಲ ಗೋಡೆಗೂ ಒಂದೇ ಮದ್ದು ಎನ್ನುವವರನ್ನು ಕಂಡರೆ ಅವಳಿಗೆ ಪಿತ್ತ ನೆತ್ತಿಗೇರುತ್ತಿತ್ತು. ಒದ್ದೆ ಬೆರಳಿಗೆ ಪುಡಿ ಹತ್ತಿದರೆ ಅದು ಡಿಸ್ಟೆಂಪರ್. ಅದಕ್ಕೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನ ನಾಲ್ಕು ಹನಿ, ಗಟ್ಟಿಯಾಗಿ ಹಿಂಡಿದ ಬಟ್ಟೆ, ಮೆಲ್ಲಗಿನ ಕೈ. ಎಣ್ಣೆಹೊಗೆ ಕುಡಿದು ಕೂತ ಅಡುಗೆಮನೆಯ ಹೊಳಪು ಬಣ್ಣಕ್ಕೆ ಬಿಸಿನೀರಿನಲ್ಲಿ ಕರಗಿಸಿದ ಬಟ್ಟೆ ಒಗೆಯುವ ಸೋಡಾ. ಮಕ್ಕಳು ಬಣ್ಣದ ಕಡ್ಡಿಯಿಂದ ಗೀಚಿದ್ದರೆ ಒದ್ದೆ ಬಟ್ಟೆಯ ಮೇಲೆ ಚಿಟಿಕೆ ಅಡುಗೆ ಸೋಡಾ. ಬಚ್ಚಲಿನ ಮೂಲೆಯ ಬೂಷ್ಟಿಗೆ ಬ್ಲೀಚಿಂಗ್ ಪುಡಿಯ ನೀರು, ಅದೂ ಕಿಟಕಿ ಪೂರ್ತಿ ತೆರೆದು, ಬೇರೆ ಯಾವ ಸೀಸೆಯನ್ನೂ ಅದರ ಹತ್ತಿರ ಸುಳಿಯಗೊಡದೆ. ಬರಿ ಸುಣ್ಣ ಬಳಿದ ಹಳೆಯ ಗೋಡೆಗೆ ನೀರನ್ನೇ ತೋರಿಸುತ್ತಿರಲಿಲ್ಲ. ಒಣ ಬಟ್ಟೆಯಲ್ಲಿ ಕೊಡವಿ ಬಿಟ್ಟುಬಿಡುತ್ತಿದ್ದಳು. ತೊಳೆಯುವುದು ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಗೋಡೆಯ ಮೇಲೆ ಇಳಿದು ಗೆರೆ ಬೀಳುತ್ತದೆ, ಆಮೇಲೆ ತಲೆಕೆಳಗಾಗಿ ನಿಂತರೂ ಹೋಗುವುದಿಲ್ಲ.

ಯಾವ ಮದ್ದನ್ನಾದರೂ ಅವಳು ಮೊದಲು ಹಚ್ಚಿ ನೋಡುತ್ತಿದ್ದುದು ಬಾಗಿಲ ಹಿಂದೆ, ಅಂಗೈಯಗಲ ಜಾಗದಲ್ಲಿ. ಅದು ಪೂರ್ತಿ ಒಣಗುವವರೆಗೆ ಮಿಕ್ಕ ಗೋಡೆ ಮುಟ್ಟುವಂತಿಲ್ಲ. ಈ ಬುದ್ಧಿ ಪುಕ್ಕಟೆ ಬಂದದ್ದಲ್ಲ. ಕೆಲಸಕ್ಕಿಳಿದ ಹೊಸತರಲ್ಲಿ ಒಬ್ಬ ಹೆಡ್‌ಮೇಷ್ಟ್ರ ಮನೆಯಲ್ಲಿ, ಮುಂದಿನ ಕೋಣೆಯ ಗೋಡೆಯ ನಟ್ಟನಡುವೆ ಹಚ್ಚಿ ನೋಡಿದ್ದಳು. ಆ ಅಂಗೈಯಗಲ ಹತ್ತಿಯಂತೆ ಬೆಳ್ಳಗಾಯಿತು. ಆದರೆ ಅವಳಿಗೆ ತೊಳೆಯಲು ಹೇಳಿದ್ದು ಅಡುಗೆಮನೆ ಮಾತ್ರ. ಒಂದು ತುಂಡು ಬೆಳ್ಳಗಾದದ್ದೇ ತಡ, ಅಲ್ಲಿಯವರೆಗೆ ಚೆನ್ನಾಗಿಯೇ ಕಾಣುತ್ತಿದ್ದ ಇಡೀ ಗೋಡೆ ಕೊಳಕೆಂದು ಎದ್ದು ಕಂಡಿತು. ಮೇಷ್ಟ್ರ ಹೆಂಡತಿ ಬೈಯಲಿಲ್ಲ. ಒಂದು ಮೊಳೆ ಹೊಡೆದು ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿ, ನಾಳೆಯಿಂದ ಬರಬೇಡ ಎಂದರು. ಆಮೇಲೆ ಎಷ್ಟೋ ವರ್ಷ ಆ ಬೀದಿಯಲ್ಲಿ ಹೋಗುವಾಗ ಕಿಟಕಿಯಿಂದ ಆ ಕ್ಯಾಲೆಂಡರ್ ಕಾಣುತ್ತಿತ್ತಂತೆ. ಕೊಳೆ ಮುಚ್ಚಿದ್ದರೆ ಬೇಜಾರಿರಲಿಲ್ಲ, ತೊಳೆದದ್ದನ್ನು ಮುಚ್ಚಿದರಲ್ಲ ಎಂದು ದೊಡ್ಡಮ್ಮ ಇವತ್ತಿಗೂ ಮುಖ ಗಂಟು ಹಾಕಿಕೊಳ್ಳುತ್ತಾಳೆ.

ಮೂರು ವರ್ಷದ ಹಿಂದೆ ಕಟ್ಟಡಗಳ ಉಸ್ತುವಾರಿ ಹೊಸ ಗುತ್ತಿಗೆ ಕಂಪನಿಗೆ ಹೋಯಿತು. ಅವರ ಕಡೆಯಿಂದ ಒಬ್ಬ ಮೇಲ್ವಿಚಾರಕರು ಬಂದರು. ಪ್ರತಿ ಮಾತಿನ ಕೊನೆಗೂ 'ಆಯ್ತಾ' ಎನ್ನುವ ಚಟವಿದ್ದುದರಿಂದ ಹೆಂಗಸರು ಎರಡೇ ದಿನದಲ್ಲಿ ಅವರಿಗೆ ಆಯ್ತಾ ಸಾಹೇಬರು ಎಂದು ಹೆಸರಿಟ್ಟರು. ಅವರು ಬಂದ ವಾರವೇ ನೀಲಿ ಕ್ಯಾನುಗಳು ಇಳಿದವು. ಇನ್ನು ಮೇಲೆ ಯಾವ ಗೋಡೆಯಾದರೂ ಇದೊಂದೇ, ಸೀಸೆ ಗೀಸೆ ಎಲ್ಲ ಗೇಟಿನ ಹೊರಗೆ, ಒದ್ದೆ ಗೋಡೆಗೆ ಧೂಳು ಕೂರದ ಹಾಗೆ ಕಿಟಕಿಗಳೆಲ್ಲ ಮುಚ್ಚಿರಬೇಕು, ಆಯ್ತಾ ಎಂದರು. ದೊಡ್ಡಮ್ಮ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿ, ಮುಖ ಹಿಂದಕ್ಕೆಳೆದುಕೊಂಡಳು. ಆ ವಾಸನೆ ಮೂಗಿನಲ್ಲಿ ನಿಲ್ಲುವಂಥದಲ್ಲ, ಸೀದಾ ಎದೆಗೆ ಇಳಿಯುವಂಥದು.

ಅಮ್ಮನಿಗೆ ಕೆಮ್ಮು ಹಿಡಿಯಿತು. ಅವಳದು ಮೊದಲೇ ಬಡಕಲು ಎದೆ. ಮನೆಯಲ್ಲಿ ಕೆಮ್ಮಿದರೆ ಗೊತ್ತಾಗುತ್ತದೆಂದು ನಲ್ಲಿ ಜೋರಾಗಿ ಬಿಟ್ಟುಕೊಂಡು ಬಚ್ಚಲಿನಲ್ಲಿ ಕೆಮ್ಮುತ್ತಿದ್ದಳು. ಮೂರನೆಯ ವಾರ, ಮುಚ್ಚಿದ ಕೋಣೆಯೊಂದನ್ನು ಒರೆಸಿ ಮುಗಿಸಿ ಹೊರಗೆ ಬಂದವಳು ಮೆಟ್ಟಿಲ ಮೇಲೆ ಕುಸಿದು ಕೂತುಬಿಟ್ಟಳು. ತುಟಿ ನೀಲಿಯಾಗಿತ್ತು. ದೊಡ್ಡಮ್ಮನೇ ರಟ್ಟೆ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಆ ವಾಸನೆ ಬಿಡಬೇಕು ಇಲ್ಲವೇ ಆ ಕೆಲಸ ಬಿಡಬೇಕು, ಎರಡರಲ್ಲಿ ಒಂದು ಎಂದರು. ಮನೆಗೆ ಬಂದ ಮೇಲೆ ಅಪ್ಪ, ದೊಡ್ಡಪ್ಪ, ನಾನು ಎಲ್ಲರೂ ಕೆಲಸ ಬಿಡು ಎಂದೆವು. ಅಮ್ಮ ಜಗ್ಗಲಿಲ್ಲ.

"ಹದಿನೆಂಟು ವರ್ಷದಿಂದ ನನ್ನ ಕಾಲ ಮೇಲೆ ನಾನು ನಿಂತಿದೀನಿ. ಈಗ ಕಿಟಕಿ ಹತ್ರ ಬೀದಿ ನೋಡ್ತಾ ಕೂರು ಅಂದ್ರೆ ಆಗಲ್ಲ," ಅಂದಳು. ಮಾರನೆಯ ಬೆಳಗ್ಗೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೊರಟೇಬಿಟ್ಟಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು, ಹೆದರಿಕೆಯಂತೂ ಹೇಳತೀರದು.

ದೊಡ್ಡಮ್ಮ ನೇರ ಆಯ್ತಾ ಸಾಹೇಬರ ಕೋಣೆಗೆ ಹೋದಳು. ನಮ್ಮ ಜೋಡಿಗಾದರೂ ನಮ್ಮ ಸೋಪು ಬಿಡಿ, ಕಿಟಕಿಯಾದರೂ ತೆರೆಯಲು ಬಿಡಿ ಎಂದು ಕೇಳಿದಳು. ಅವಳು ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ಕಂಡವಳಲ್ಲ. ಅವರು ಕಾಗದದಿಂದ ತಲೆ ಎತ್ತಲಿಲ್ಲ. "ಆಗದೇ ಇರೋರು ಮನೇಲಿರಲಿ, ಆಯ್ತಾ?" ಅಂದರು.

ಅಲ್ಲಿಗೆ ದೊಡ್ಡಮ್ಮ ಕೇಳುವುದನ್ನು ಬಿಟ್ಟಳು. ಮರುದಿನದಿಂದ ಎಲ್ಲರಿಗಿಂತ ಮೊದಲು ಹೋಗಿ, ತನ್ನ ಪಾಲಿನ ಕ್ಯಾನನ್ನು ಚರಂಡಿಗೆ ಚೆಲ್ಲಿ, ಮೇಲೆ ನಾಲ್ಕು ಬಕೆಟ್ಟು ನೀರು ಹುಯ್ದು, ಅದೇ ಕ್ಯಾನಿಗೆ ಆ ದಿನದ ಗೋಡೆಗೆ ತಕ್ಕ ತನ್ನ ಮದ್ದನ್ನು ತುಂಬತೊಡಗಿದಳು. ಸೋಡಾ, ಸೋಪುಗಳು ಊಟದ ಡಬ್ಬಿಯ ಕೆಳಗಿನ ಅಂತಸ್ತಿನಲ್ಲಿ ಗೇಟು ದಾಟುತ್ತಿದ್ದವು. ಅಮ್ಮನಿಗೆ ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಮೊದಲ ಬಟ್ಟೆ ಹಿಂಡುವಾಗಲೇ ಅಮ್ಮನಿಗೆ ತಿಳಿದುಹೋಗಿತ್ತು. ಇವತ್ತಿನ ನೀರು ಚೆನ್ನಾಗಿದೆ ಎಂದು ಅಮ್ಮ ಗೋಡೆಗೆ ಹೇಳಿದಳಂತೆ. ನೀರಿಗೇನು, ಒರೆಸುವವರು ಬಾಯಿ ಮುಚ್ಚಿಕೊಂಡು ಒರೆಸಿದರೆ ಸಾಕು ಎಂದು ದೊಡ್ಡಮ್ಮನೂ ಗೋಡೆಗೇ ಹೇಳಿದಳು. ತಿಂಗಳೊಪ್ಪತ್ತಿನಲ್ಲಿ ಅಮ್ಮನ ಕೆಮ್ಮು ಇಳಿಯಿತು. ಅವಳು ಬಚ್ಚಲಿನಲ್ಲಿ ನಲ್ಲಿ ಬಿಡುವುದನ್ನು ನಿಲ್ಲಿಸಿದಳು.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೆಯ ಕಳ್ಳತನದ ಕಥೆಯಾಗುತ್ತಿತ್ತು. ಆದರೆ ದೊಡ್ಡಮ್ಮ ಒಂದು ತಪ್ಪು ಮಾಡಿದ್ದಳು: ಚೆನ್ನಾಗಿ ತೊಳೆದುಬಿಟ್ಟಳು. ಮಿಕ್ಕ ಐದು ಜೋಡಿಯ ಮನೆಗಳಲ್ಲಿ ಬಣ್ಣ ಕಿತ್ತು ಬರುತ್ತಿದ್ದರೆ, ಇವರ ಮನೆಗಳು ಮಾತ್ರ ಹೊಸದರಂತೆ ಹೊಳೆಯುತ್ತಿದ್ದವು. ಆಯ್ತಾ ಸಾಹೇಬರು ಉಬ್ಬಿಹೋದರು. ಇವರ ಕೈಗೆ ಬಂದದ್ದು ನಿಮ್ಮ ಕೈಗೆ ಯಾಕೆ ಬರುವುದಿಲ್ಲ, ಕ್ಯಾನು ಅದೇ ತಾನೆ ಎಂದು ಮಿಕ್ಕ ಹತ್ತು ಜನರನ್ನು ನಿಲ್ಲಿಸಿ ಬೈದರು. ನೀರು ಬೆರೆಸದೆ ಇನ್ನೂ ಗಟ್ಟಿಯಾಗಿ ಹಚ್ಚಿ ಎಂದರು. ಅಷ್ಟೇ ಅಲ್ಲ, ಈ ಕ್ಯಾನು ಪವಾಡ ಮಾಡಿದೆ, ಕಂಪನಿಯ ಎಲ್ಲ ಕಟ್ಟಡಗಳಿಗೂ ಇದನ್ನೇ ತರಿಸಬೇಕು ಎಂದು ಮೇಲಕ್ಕೆ ಬರೆದುಹಾಕಿದರು. ಅದನ್ನು ಕಣ್ಣಾರೆ ನೋಡಲು ದೊಡ್ಡ ಸಾಹೇಬರು ಬರುವ ದಿನವೂ ಗೊತ್ತಾಯಿತು.

ಅದರ ಹಿಂದಿನ ದಿನ ಊಟದ ಹೊತ್ತಿನಲ್ಲಿ, ಜೊತೆಯವಳೊಬ್ಬಳು ದೊಡ್ಡಮ್ಮನ ಪಕ್ಕ ಬಂದು ಕೂತಳು. ಅವಳ ಬೆರಳ ಸಂದಿಯ ಚರ್ಮವೆಲ್ಲ ಸುಲಿದಿತ್ತು. ಡಬ್ಬಿಯ ಮುಚ್ಚಳ ತೆಗೆಯಲಾಗದೆ ದೊಡ್ಡಮ್ಮನ ಕೈಗೆ ಕೊಟ್ಟು, "ಅಕ್ಕಾ, ನಿನ್ನ ಕೈ ಮಾತ್ರ ಹೇಗೆ ಚೆನ್ನಾಗಿದೆ?" ಎಂದು ಕೇಳಿದಳು. ಹೊಟ್ಟೆಕಿಚ್ಚಿನಿಂದ ಕೇಳಿದ್ದಲ್ಲ, ಗೊತ್ತಿಲ್ಲದೆ ಕೇಳಿದ್ದು. ದೊಡ್ಡಮ್ಮ ಮುಚ್ಚಳ ತೆಗೆದುಕೊಟ್ಟಳು, ತನ್ನ ಡಬ್ಬಿ ತೆರೆಯಲೇ ಇಲ್ಲ. ಒಬ್ಬಳ ಉಸಿರು ಉಳಿಸಲು ಹೋಗಿ ಹತ್ತು ಜನರ ಕೈ ಸುಡಿಸಿದೆ ಎಂದು ಅವಳು ಮನೆಯಲ್ಲಿ ಹೇಳಿದಾಗ ಮೊದಲ ಬಾರಿಗೆ ಅವಳ ಕಣ್ಣಲ್ಲಿ ನೀರು ಕಂಡೆ.

ದೊಡ್ಡ ಸಾಹೇಬರು ಬಂದರು. ಹನ್ನೆರಡೂ ಹೆಂಗಸರನ್ನು ಮೇಲ್ವಿಚಾರಕರ ಕೋಣೆಗೆ ಕರೆಸಿ ಸಾಲಾಗಿ ನಿಲ್ಲಿಸಿದರು. ಮೇಜಿನ ಮೇಲೆ ದೊಡ್ಡಮ್ಮನ ಕ್ಯಾನು, ಮದುಮಗನಂತೆ. ಆಯ್ತಾ ಸಾಹೇಬರು ಅದನ್ನು ಹೊಗಳಿ ಹೊಗಳಿ ದಣಿದು, ಕೊನೆಗೆ, ಬೇಕಾದರೆ ಈಕೆಯನ್ನೇ ಕೇಳಿ ಎಂದು ದೊಡ್ಡಮ್ಮನ ಕಡೆ ಕೈ ತೋರಿಸಿದರು. ಹೌದು ಸಾರ್ ಎಂದರೆ ಮುಗಿಯುತ್ತಿತ್ತು. ಅಮ್ಮನ ಕೆಲಸ ಉಳಿಯುತ್ತಿತ್ತು, ಉಸಿರೂ ಉಳಿಯುತ್ತಿತ್ತು. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಹೇಳಬೇಡ ಎಂದು ಅವಳೇನೂ ಸೆರಗು ಎಳೆಯಲಿಲ್ಲ.

"ಇದರಲ್ಲಿರೋದು ನಿಮ್ಮದಲ್ಲ ಸಾರ್," ಅಂದಳು ದೊಡ್ಡಮ್ಮ. "ನಾನು ಬೆರೆಸಿದ್ದು. ನಿಮ್ಮದನ್ನ ದಿನಾ ಚರಂಡಿಗೆ ಚೆಲ್ಲಿದೀನಿ. ನನ್ನ ಓರಗಿತ್ತಿಗೆ ಅದರಿಂದ ಉಸಿರು ಕಟ್ಟಿತ್ತು. ನಿಮ್ಮದನ್ನೇ ಹಚ್ಚಿದವರು ಇಲ್ಲೇ ಇದಾರೆ, ಅವರ ಕೈ ನೋಡಿ."

ಹತ್ತು ಜನರೂ ಕೈ ಮುಂದೆ ಚಾಚಿದರು. ಯಾರೂ ಹೇಳಿಕೊಟ್ಟದ್ದಲ್ಲ. ದೊಡ್ಡ ಸಾಹೇಬರು ಆ ಕೈಗಳನ್ನು ನೋಡಲಿಲ್ಲ, ಕ್ಯಾನನ್ನು ನೋಡಿದರು, ಆಯ್ತಾ ಸಾಹೇಬರ ಬೆವರಿದ ಮುಖವನ್ನು ನೋಡಿದರು. ಗೋಡೆ ಹೇಗಾಯಿತೆನ್ನುವುದು ಆಮೇಲಿನ ಮಾತು, ಕಂಪನಿಗೆ ಮೋಸ ಮಾಡುವವರು ನಮಗೆ ಬೇಡ, ಓರಗಿತ್ತಿಯರಿಬ್ಬರೂ ನಾಳೆಯಿಂದ ಬರುವುದು ಬೇಡ ಎಂದು ಎದ್ದರು.

ಆಗ ನನ್ನ ಅಮ್ಮ, ಹೊರಗಿನವರ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳುವ ನನ್ನ ಅಮ್ಮ, ಮೇಜಿನ ಮೇಲಿದ್ದ ಕ್ಯಾನಿನಿಂದ ಬಟ್ಟೆ ತೋಯಿಸಿಕೊಂಡಳು. ಆಯ್ತಾ ಸಾಹೇಬರ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿನ ಗೋಡೆಯ ನಟ್ಟನಡುವೆ ಅಂಗೈಯಗಲ ಉಜ್ಜಿದಳು. ಅಷ್ಟು ವರ್ಷದಲ್ಲಿ ಅವಳು ಮದ್ದಿನ ಬಟ್ಟೆ ಹಿಡಿದದ್ದು ಅದೇ ಮೊದಲು. ಉಜ್ಜಿ, ಮೇಜಿನ ಮೇಲಿದ್ದ ಲೋಟದ ಬರಿ ನೀರಿನಲ್ಲಿ ಒರೆಸಿ, ಅಲ್ಲೇ ಕೈಕಟ್ಟಿ ನಿಂತಳು. ಇದೇನಿದು, ಹೊರಡು ಎಂದು ಆಯ್ತಾ ಸಾಹೇಬರು ಗದರಿದರು. ಅವಳು ಕ್ಯಾರೇ ಎನ್ನಲಿಲ್ಲ.

"ಒಣಗೋವರೆಗೂ ಕಾಯಬೇಕು ಸಾರ್. ನಮ್ಮಕ್ಕ ಹಾಗೇ ಕಲಿಸಿರೋದು," ಅಂದಳು.

ಒಣಗಿತು. ಆ ಒಂದು ತುಂಡು ಬೆಳ್ಳಗೆ ಮೂಡಿದಂತೆ ಸುತ್ತಲಿನ ಗೋಡೆಯೆಲ್ಲ ಹಳದಿ ಹಲ್ಲಿನಂತೆ ಕಂಡಿತು. ದೊಡ್ಡ ಸಾಹೇಬರು ಕೂಡ ತಿರುಗಿ ನೋಡಿದರು. ಅಮ್ಮ ಬಟ್ಟೆ ಹಿಂಡಿ ಮೇಜಿನ ಮೇಲಿಟ್ಟು ಹೊರಬಂದಳು. ದೊಡ್ಡಮ್ಮ ಅವಳ ಹಿಂದೆ ಬಂದಳು. ಯಾವಾಗಲೂ ಅಮ್ಮನೇ ಹಿಂದೆ ಬರುತ್ತಿದ್ದವಳು.

ಮಿಕ್ಕ ಹತ್ತು ಜನ ನೋಡಿದರು, ಕಲಿತರು. ಆ ವಾರ ಆರು ಮನೆಗಳಿಗೆ ಹೊಸ ಕುಟುಂಬಗಳು ಬರುವುದಿತ್ತು. ಒಳಕೋಣೆಗಳೆಲ್ಲ ಮುಗಿದು, ಬಂದವರ ಕಣ್ಣಿಗೆ ಮೊದಲು ಬೀಳುವ ಮುಂದಿನ ಕೋಣೆ ಮಾತ್ರ ಬಾಕಿ ಇತ್ತು. ಅದನ್ನು ಯಾವಾಗಲೂ ಕೊನೆಗೆ ತೊಳೆಯುವುದು ರೂಢಿ. ದೊಡ್ಡಮ್ಮನ ಕ್ಯಾನಿನಲ್ಲಿ ಉಳಿದಿದ್ದುದನ್ನು ಹಂಚಿಕೊಂಡು, ಆರೂ ಮನೆಗಳ ಮುಂದಿನ ಕೋಣೆಯಲ್ಲಿ, ಗೋಡೆಯ ನಟ್ಟನಡುವೆ, ಅಂಗೈಯಗಲ ಉಜ್ಜಿ, ಬಾಗಿಲೆಳೆದುಕೊಂಡು ಬಂದುಬಿಟ್ಟರು. ಮಾರನೆಯ ದಿನ ಗೇಟಿನ ಹೊರಗೆ ಇಬ್ಬರಲ್ಲ, ಹನ್ನೆರಡು ಜನ ಕೂತಿದ್ದರು.

ಕೊಳೆಯಾದರೆ ತೊಳೆಯಬಹುದು. ಸ್ವಚ್ಛವಾದದ್ದನ್ನು ಏನು ಮಾಡುತ್ತೀರಿ? ಆಯ್ತಾ ಸಾಹೇಬರು ಬೇರೆ ಜನರನ್ನು ತಂದು ನೀಲಿ ಕ್ಯಾನು ಹಚ್ಚಿಸಿದರು. ಒಂದು ಮನೆಯಲ್ಲಿ ಡಿಸ್ಟೆಂಪರ್ ಪೂರ್ತಿ ಕಿತ್ತು ಬಂದು ಕೆಳಗಿನ ಹಳೆಯ ಹಸಿರು ಇಣುಕಿತು. ಇನ್ನೊಂದರಲ್ಲಿ ಮೇಲಿನಿಂದ ಶುರುಮಾಡಿ ಗೋಡೆಯುದ್ದಕ್ಕೂ ಗೆರೆ ಇಳಿಸಿದರು. ಆ ಅಂಗೈಯಗಲಕ್ಕೆ ಯಾವುದೂ ಹೊಂದಲಿಲ್ಲ. ಬಂದ ಕುಟುಂಬದವರು ಒಬ್ಬರ ಹಿಂದೆ ಒಬ್ಬರು ಆ ತುಂಡಿಗೆ ಬೆರಳು ಮಾಡಿ, ಇಷ್ಟು ಬೆಳ್ಳಗಾಗುವುದಾದರೆ ಮಿಕ್ಕದ್ದು ಯಾಕೆ ಹೀಗಿದೆ ಎಂದು ಕೇಳಿದರು. ಸಾಮಾನು ಲಾರಿಯಿಂದ ಇಳಿಸುವುದಿಲ್ಲ ಎಂದು ಹಟ ಹಿಡಿದರು. ದೂರು ಕಾರ್ಖಾನೆಯವರೆಗೆ ಹೋಯಿತು. ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಆರನೆಯ ದಿನ ಆಯ್ತಾ ಸಾಹೇಬರು ನಮ್ಮ ಮನೆಗೇ ಬಂದರು. ಆ ಹೊತ್ತಿಗೆ ಇಬ್ಬರೂ ಅಡುಗೆಮನೆಯಲ್ಲಿದ್ದರು. ಕೆಲಸವಿಲ್ಲದೆ ಕೈ ಕಟ್ಟಿ ಕೂರಲಾಗದೆ, ದೊಡ್ಡಮ್ಮ ಬಿಸಿನೀರಿಗೆ ಸೋಡಾ ಕರಗಿಸಿ ನಮ್ಮ ಒಲೆಯ ಹಿಂದಿನ ಗೋಡೆಗೇ ಕೈ ಹಾಕಿದ್ದಳು. ಹಿಂದೆ ಅಮ್ಮ ಒರೆಸುತ್ತಿದ್ದಳು. ದೊಡ್ಡಮ್ಮ ಉಜ್ಜುವುದನ್ನು ನಿಲ್ಲಿಸಿ, ಗೋಡೆಗಲ್ಲ, ಅಮ್ಮನ ಕಡೆಗೇ ತಿರುಗಿದ್ದನ್ನು ನಾನು ನೋಡಿದೆ.

"ಆವತ್ತು ನೀನು ಹೇಳಿದ್ದು ಸರಿ ಕಣೆ. ಅಂಟೇ ಇತ್ತು."

ಅಮ್ಮ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಅದ್ದಿ ತೆಗೆಯುತ್ತಲೇ ಇದ್ದಳು. ಹೊರಗೆ ಆಯ್ತಾ ಸಾಹೇಬರು ಕೆಮ್ಮಿ, ತಾವು ಬಂದಿರುವುದನ್ನು ತಿಳಿಸಿದರು.

ನಾಳೆಯಿಂದ ಇಬ್ಬರೂ ಬನ್ನಿ ಎಂದರು. ದೊಡ್ಡಮ್ಮ ಕೈ ಒರೆಸಿಕೊಳ್ಳಲೂ ಇಲ್ಲ. ಬರುವುದಾದರೆ ಹನ್ನೆರಡೂ ಜನ ಬರುತ್ತೇವೆ, ಬಕೆಟ್ಟಿಗೆ ಏನು ಹಾಕಬೇಕೆನ್ನುವುದನ್ನು ಗೋಡೆ ನೋಡಿ ನಾವು ಹೇಳುತ್ತೇವೆ, ಕಿಟಕಿಗಳು ತೆರೆದಿರುತ್ತವೆ, ನಿಮ್ಮ ನೀಲಿ ಕ್ಯಾನು ಗೇಟಿನ ಹೊರಗಿರುತ್ತದೆ ಎಂದಳು. ಅವರು ತಲೆ ತಗ್ಗಿಸಿ ಎಲ್ಲಕ್ಕೂ ಹೂಂಗುಟ್ಟಿದರು.

ಮರುದಿನ ಆರು ಮನೆಗಳ ಕೆಲಸ ಹಂಚಿಕೊಳ್ಳಲು ಹನ್ನೆರಡೂ ಜನ ಅವರ ಕೋಣೆಗೆ ಹೋದರು. ಕುರ್ಚಿಯ ಹಿಂದೆ, ಅಮ್ಮ ಉಜ್ಜಿದ್ದ ಜಾಗದ ಮೇಲೆ ಹೊಸ ಕ್ಯಾಲೆಂಡರ್ ತೂಗುತ್ತಿತ್ತು. ದೊಡ್ಡಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋಗಿ ಮೊಳೆಯಿಂದ ಬಿಡಿಸಿ, ನೀಟಾಗಿ ಸುತ್ತಿ, ಮೇಜಿನ ಮೇಲಿಟ್ಟಳು. ಎಲ್ಲ ಮನೆಗಳನ್ನೂ ತೊಳೆಯುತ್ತೇವೆ, ಈ ಒಂದು ಗೋಡೆಯನ್ನು ಮಾತ್ರ ತೊಳೆಯುವುದಿಲ್ಲ ಎಂದಳು. ಇವತ್ತಿಗೂ ಅದು ಹಾಗೆಯೇ ಇದೆ; ಸುತ್ತ ಹಳದಿ, ನಡುವೆ ಅಂಗೈಯಗಲ ಬಿಳಿ.

"ಅದು ನನ್ನ ಓರಗಿತ್ತಿ ತೊಳೆದಿದ್ದು. ಯಾರೂ ಮುಚ್ಚಬಾರದು," ಅಂದಳು ದೊಡ್ಡಮ್ಮ. "ಆಯ್ತಾ?"